ಬಣ್ಣವೇ ಇಲ್ಲದ ಹೈಡ್ರೋಜನ್ "ಮಂಜು" ಹೇಗಾಗುತ್ತೆ? ಗ್ಯಾಲಕ್ಸಿಗಳ ಬೆಳಕು ಅದಕ್ಕೆ ಏನು ಮಾಡಿತು?

ತಿಪಟೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಪರಮಾಣು ಪಾಠ ಮುಗಿದ ಮೇಲೆ ಹತ್ತು ನಿಮಿಷ ಉಳಿದಿತ್ತು. ಮಕ್ಕಳಿಗೆ ವಿಶ್ವದ ಕಥೆ ಹೇಳಿದೆ. ಶುರುವಿನಲ್ಲಿ ಎಲ್ಲೆಲ್ಲೂ ಹೈಡ್ರೋಜನ್ ಮಂಜಿನ ಹಾಗೆ ಕವಿದಿತ್ತು, ಆಮೇಲೆ ಮೊದಲ ನಕ್ಷತ್ರಗಳು, ಮೊದಲ ಗ್ಯಾಲಕ್ಸಿಗಳು ಹುಟ್ಟಿದವು, ಅವುಗಳ ಬೆಳಕಿಗೆ ಮಂಜು ಕರಗಿ ವಿಶ್ವ ತಿಳಿಯಾಯಿತು ಅಂತ. ನಾನು ಓದಿಕೊಂಡಿದ್ದೂ ಹಾಗೇ.

ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. "ಸರ್, ಸತುವಿನ ಚೂರಿಗೆ ಆಸಿಡ್ ಹಾಕಿ ಹೈಡ್ರೋಜನ್ ಮಾಡಿದಾಗ ಪ್ರನಾಳದಲ್ಲಿ ಏನೂ ಕಾಣಿಸಲಿಲ್ಲ. ಬಣ್ಣವಿಲ್ಲದ ಅನಿಲ ಅಂತ ನೀವೇ ನೋಟ್ಸ್ ಬರೆಸಿದ್ರಿ. ಬಣ್ಣ ಇಲ್ಲ ಅಂದ್ರೆ ಅದರ ಆಚೆ ಇರೋದೆಲ್ಲ ಕಾಣುತ್ತೆ ಅಲ್ವಾ? ಮತ್ತೆ ಅದು ಮಂಜು ಹೇಗಾಯ್ತು? ಕರಗೋಕೆ ಅಲ್ಲಿ ಏನಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೋಮವಾರ ಹೇಳುತ್ತೇನೆ ಅಂದಿದ್ದೇನೆ. ಗೊತ್ತಿರುವವರು ದಯವಿಟ್ಟು ಹೇಳಿ. ಒಂಬತ್ತನೇ ಕ್ಲಾಸಿನ ಮಗುವಿಗೆ ಅರ್ಥವಾಗಬೇಕು, ಆದರೆ ಸುಳ್ಳಾಗಬಾರದು.

ಬಾನುಲಿ

ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ನಾನು ಇದೇ ವಿಷಯ ಇಟ್ಟುಕೊಂಡು ಸಂಶೋಧನೆ ಮಾಡುತ್ತಿದ್ದೇನೆ. ಈ ಪ್ರಶ್ನೆ ಎಂ.ಎಸ್ಸಿ. ಮಾಡುವಾಗಲೂ ನನಗೆ ಹೊಳೆದಿರಲಿಲ್ಲ.

ಅವಳು ಹೇಳಿದ್ದು ಸರಿ. ನಮ್ಮ ಕಣ್ಣಿಗೆ ಕಾಣುವ ಬೆಳಕಿಗೆ ಹೈಡ್ರೋಜನ್ ಅಡ್ಡ ಬರುವುದೇ ಇಲ್ಲ. ನಕ್ಷತ್ರಗಳು ಹುಟ್ಟುವ ಮೊದಲೂ ಬರುತ್ತಿರಲಿಲ್ಲ. ಅದು ಮಂಜಾಗಿದ್ದದ್ದು ಒಂದೇ ಒಂದು ಜಾತಿಯ ಬೆಳಕಿಗೆ, ನೇರಳಾತೀತ ಬೆಳಕಿಗೆ.

ಯಾಕೆ ಅಂತ ನೋಡೋಣ. ಹೈಡ್ರೋಜನ್ ಪರಮಾಣುವಿನಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎಲೆಕ್ಟ್ರಾನ್ ಕೆಳಗಿನ ಮೆಟ್ಟಿಲಿನಲ್ಲಿ ಕೂತಿರುತ್ತೆ. ಅದರ ಮುಂದಿನ ಮೆಟ್ಟಿಲು ತುಂಬಾ ಎತ್ತರ, 10.2 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಮಟ್ಟದಲ್ಲಿ ಶಕ್ತಿಯ ಅಳತೆ). ಪೂರ್ತಿ ಬಿಟ್ಟು ಓಡಿಹೋಗಬೇಕು ಅಂದರೆ 13.6 ಬೇಕು. ಕಣ್ಣಿಗೆ ಕಾಣುವ ಬೆಳಕಿನ ಒಂದೊಂದು ಕಣದ (ಫೋಟಾನ್) ಹತ್ತಿರ ಇರುವುದು ಬರೀ 1.8ರಿಂದ 3.1. ಮೊದಲ ಮೆಟ್ಟಿಲಿಗೂ ಸಾಲದು.

"ನಾಲ್ಕೈದು ಫೋಟಾನ್ ಸೇರಿಸಿ ಕೊಟ್ಟರೆ ಆಗಲ್ವಾ?" ಅಂತ ಮಕ್ಕಳು ಕೇಳಬಹುದು. ಆಗಲ್ಲ. ಹೈಡ್ರೋಜನ್ ಚಿಲ್ಲರೆ ತಗೊಳ್ಳುವುದಿಲ್ಲ. ಪೂರ್ತಿ ಮೊತ್ತ ಒಂದೇ ನೋಟಿನಲ್ಲಿ ಬರಬೇಕು. ಹಾಗಾಗಿ ಕೆಂಪು, ಹಳದಿ, ನೀಲಿ ಬೆಳಕು ಎಷ್ಟೇ ಸುರಿದರೂ ಅದು ತಣ್ಣಗೆ ಕೂತಿರುತ್ತೆ. ಬೆಳಕಿನ ಅಲೆಯುದ್ದ 91.2 ನ್ಯಾನೋಮೀಟರಿಗಿಂತ ಚಿಕ್ಕದಾದರೆ ಮಾತ್ರ ಒಂದೇ ಏಟಿಗೆ ಎಲೆಕ್ಟ್ರಾನ್ ಹಾರಿಹೋಗುತ್ತೆ. ಇದಕ್ಕೇ ಅಯಾನೀಕರಣ ಅನ್ನುವುದು. ಜೊತೆಗೆ 121.6 ನ್ಯಾನೋಮೀಟರ್ ಅಂತ ಇನ್ನೊಂದು ವಿಶೇಷ ಬಣ್ಣ ಇದೆ, ಲೈಮನ್ ಆಲ್ಫಾ. ಇದು ಸರಿಯಾಗಿ ಮೊದಲ ಮೆಟ್ಟಿಲಿನ ಬೆಲೆ. ಈ ಬೆಳಕನ್ನು ಹೈಡ್ರೋಜನ್ ಹಿಡಿಯುತ್ತೆ, ಮತ್ತೆ ಯಾವುದೋ ದಿಕ್ಕಿಗೆ ಎಸೆಯುತ್ತೆ, ಪಕ್ಕದ ಪರಮಾಣು ಹಿಡಿಯುತ್ತೆ, ಹೀಗೇ. ಎಲೆಕ್ಟ್ರಾನ್ ಹಾರಿಹೋದ ಮೇಲೆ ಈ ಬೆಳಕನ್ನು ಹಿಡಿಯಲು ಅಲ್ಲಿ ಏನೂ ಉಳಿಯುವುದಿಲ್ಲ. ಮಂಜು ಕರಗಿತು ಅನ್ನುವುದು ಇದನ್ನೇ.

ಒಂದು ಸಣ್ಣ ತಿದ್ದುಪಡಿ. ನಿಮ್ಮ ಪ್ರನಾಳದಲ್ಲಿದ್ದದ್ದು ಜೋಡಿ ಪರಮಾಣುಗಳ ಅಣು. ಗ್ಯಾಲಕ್ಸಿಗಳ ನಡುವೆ ಇದ್ದದ್ದು ಒಂಟಿ ಪರಮಾಣುಗಳು. ಆದರೆ ಕಾಣುವ ಬೆಳಕಿಗೆ ಎರಡೂ ಪಾರದರ್ಶಕವೇ.

ಸಿರಿ ಪಿಯುಸಿ

ಹಾಗಾದರೆ ಸೂರ್ಯನ ಬೆಳಕೂ ಹೈಡ್ರೋಜನ್ ಒಡೆಯುತ್ತಾ? ನಕ್ಷತ್ರ ಅಂದಮೇಲೆ ಸೂರ್ಯನೂ ನಕ್ಷತ್ರವೇ ಅಲ್ವಾ?

ಬಾನುಲಿ

ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್. ಅವನ ಬೆಳಕಿನಲ್ಲಿ 91.2 ನ್ಯಾನೋಮೀಟರಿಗಿಂತ ಚಿಕ್ಕ ಅಲೆಗಳು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಈ ಕೆಲಸಕ್ಕೆ 30,000 ಕೆಲ್ವಿನ್ ದಾಟಿದ ದೈತ್ಯ ನಕ್ಷತ್ರಗಳು ಬೇಕು. ನೀಲಿ ಬಿಳುಪಾಗಿ ಉರಿಯುವಂಥವು. ಒಂದು ಒಳ್ಳೆಯ ದೈತ್ಯ ನಕ್ಷತ್ರ ಒಂದು ಸೆಕೆಂಡಿಗೆ ಇಂಥ ಫೋಟಾನ್‌ಗಳನ್ನು 1ರ ಮುಂದೆ 49 ಸೊನ್ನೆ ಹಾಕಿದಷ್ಟು ಎಸೆಯುತ್ತೆ. ಆದರೆ ಅವುಗಳ ಆಯುಸ್ಸು ಬರೀ ಮೂವತ್ತು, ಐವತ್ತು ಲಕ್ಷ ವರ್ಷ. ಸೂರ್ಯನಂಥವರು ಸಾವಿರ ಕೋಟಿ ವರ್ಷ ಬದುಕುತ್ತಾರೆ. ಹಾಗಾಗಿ ಒಂದು ಗ್ಯಾಲಕ್ಸಿ ತನ್ನ ಸುತ್ತಲಿನ ಅನಿಲವನ್ನು ಒಡೆಯಬೇಕಾದರೆ ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಲೇ ಇರಬೇಕು. ಹುಟ್ಟು ನಿಂತರೆ ಆ ಬೆಳಕೂ ನಿಲ್ಲುತ್ತೆ.

ತಾರಸಿ ದುರ್ಬೀನು

ಇದನ್ನು ಓದುವುದಷ್ಟೇ ಅಲ್ಲ, ಕಣ್ಣಾರೆ ನೋಡಲೂಬಹುದು. ಅದನ್ನು ಹೇಳೋಣ ಅಂತಲೇ ಬಂದೆ.

ನಮ್ಮದು ಚಿಕ್ಕಮಗಳೂರು ಕಡೆ. ಮನೆ ತಾರಸಿಯ ಮೇಲೆ 10x50 ಬೈನಾಕ್ಯುಲರ್ ಇಟ್ಟುಕೊಂಡು ಕೂರುವ ಅಭ್ಯಾಸ ನನಗೆ ಇಪ್ಪತ್ತು ವರ್ಷದ್ದು. ಚಳಿಗಾಲದಲ್ಲಿ ಮಹಾವ್ಯಾಧ (ಒರಾಯನ್) ಎದ್ದು ಕಾಣುತ್ತಾನಲ್ಲ, ಅವನ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ಕತ್ತಿ ತೂಗುಬಿದ್ದ ಹಾಗೆ ಮೂರು ಚುಕ್ಕಿಗಳಿವೆ. ನಡುವಿನ ಚುಕ್ಕಿ ಚುಕ್ಕಿಯಲ್ಲ. ಬೈನಾಕ್ಯುಲರಿನಲ್ಲಿ ಅಲ್ಲಿ ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಮಬ್ಬು ಕಾಣುತ್ತೆ. ಅದೇ ಒರಾಯನ್ ನೆಬ್ಯುಲಾ, ಅನಿಲ ಮತ್ತು ಧೂಳಿನ ದೊಡ್ಡ ಮೋಡ. ಸಣ್ಣ ಟೆಲಿಸ್ಕೋಪಿನಲ್ಲಿ ಆ ಮಬ್ಬಿನ ನಡುವೆ ನಾಲ್ಕು ನಕ್ಷತ್ರ ಒತ್ತೊತ್ತಾಗಿ ಕೂತಿರುವುದು ಕಾಣುತ್ತೆ. ಅವುಗಳಲ್ಲಿ ಹೆಚ್ಚು ಬೆಳಗುವುದರ ತೂಕ ಸೂರ್ಯನ ಮೂವತ್ತು ಪಟ್ಟಿಗಿಂತ ಜಾಸ್ತಿ. ಅಷ್ಟು ದೊಡ್ಡ ಮಬ್ಬನ್ನು ಹೆಚ್ಚುಕಮ್ಮಿ ಅದೊಂದೇ ನಕ್ಷತ್ರ ಉರಿಸಿಟ್ಟಿದೆ.

ದೂರ ಸುಮಾರು 1,350 ಬೆಳಕಿನ ವರ್ಷ. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಹೊರಟ ಬೆಳಕು ನನ್ನ ಕಣ್ಣಿಗೆ ಬೀಳುತ್ತಿದೆ ಅಂತ ಪ್ರತಿ ಸಲವೂ ನೆನಪಾಗುತ್ತೆ.

ಫೋಟೋಗಳಲ್ಲಿ ಅದು ಗುಲಾಬಿ ಬಣ್ಣ. ಕಣ್ಣಿಗೆ ಬೂದು, ತುಂಬಾ ಹೊತ್ತು ನೋಡಿದರೆ ತುಸು ಹಸಿರು. ಆ ಗುಲಾಬಿ ಎಲ್ಲಿಂದ ಬರುತ್ತೆ ಅಂತ ಬಾನುಲಿಯವರು ವಿವರಿಸಲಿ.

ಬಾನುಲಿ

ಧನ್ಯವಾದ ಸರ್, ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ನಕ್ಷತ್ರದ ಬೆಳಕು ಎಲೆಕ್ಟ್ರಾನನ್ನು ಹೊಡೆದು ಓಡಿಸುತ್ತೆ. ಒಂಟಿಯಾದ ಪ್ರೋಟಾನ್ ಇನ್ನೊಂದು ಎಲೆಕ್ಟ್ರಾನ್ ಸಿಕ್ಕಿದ ಕೂಡಲೇ ಹಿಡಿದುಕೊಳ್ಳುತ್ತೆ. ಸಿಕ್ಕ ಎಲೆಕ್ಟ್ರಾನ್ ಮೇಲಿನ ಮೆಟ್ಟಿಲಿನಿಂದ ಒಂದೊಂದೇ ಇಳಿಯುತ್ತಾ ಬರುತ್ತೆ. ಮೂರನೇ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿಯುವಾಗ 656.3 ನ್ಯಾನೋಮೀಟರಿನ ಕೆಂಪು ಬೆಳಕು ಬಿಡುತ್ತೆ. ಫೋಟೋದ ಗುಲಾಬಿ ಅದೇ. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಗೊತ್ತಾಗುವುದಿಲ್ಲ, ಹಾಗಾಗಿ ಬೂದು.

ಒಡೆಯುವುದು, ಕೂಡುವುದು, ಎರಡೂ ಒಟ್ಟಿಗೆ ನಡೆಯುತ್ತವೆ. ನಕ್ಷತ್ರದ ಸುತ್ತ ಎಲ್ಲಿವರೆಗೆ ಒಡೆಯುವುದು ಕೂಡುವುದಕ್ಕೆ ಸಮ ಆಗುತ್ತೋ ಅಲ್ಲಿವರೆಗೆ ಒಂದು ಗುಳ್ಳೆ. ಅದರಾಚೆ ಮತ್ತೆ ತಟಸ್ಥ, ಅಂದರೆ ಒಡೆಯದ ಹೈಡ್ರೋಜನ್. ಗಡಿ ತುಂಬಾ ಚೂಪು. ಡೆನ್ಮಾರ್ಕಿನ ಬೆಂಟ್ ಸ್ಟ್ರಾಮ್‌ಗ್ರೆನ್ 1939ರಲ್ಲಿ ಈ ಲೆಕ್ಕ ಹಾಕಿದರು. ಇದರ ಬುಡದಲ್ಲಿ ನಮ್ಮ ಮೇಘನಾದ ಸಹಾ ಅವರ 1920ರ ಅಯಾನೀಕರಣದ ಕೆಲಸದ ಪಾಲೂ ಇದೆ.

ಒಂದು ಲೆಕ್ಕ ಮಾಡಿ ನೋಡಿ. ಮೇಲೆ ಹೇಳಿದ ಆ 49 ಸೊನ್ನೆಯ ನಕ್ಷತ್ರವನ್ನೇ ತಗೊಳ್ಳಿ. ಸುತ್ತ ಒಂದು ಘನ ಸೆಂಟಿಮೀಟರಿಗೆ 1,000 ಪರಮಾಣು ಇದ್ದರೆ ಗುಳ್ಳೆಯ ತ್ರಿಜ್ಯ ಸುಮಾರು 2 ಬೆಳಕಿನ ವರ್ಷ. ಅಷ್ಟೇ ಜಾಗದಲ್ಲಿ 1 ಪರಮಾಣು ಮಾತ್ರ ಇದ್ದರೆ ಸುಮಾರು 200. ಬೆಳಕು ಅದೇ, ನಕ್ಷತ್ರ ಅದೇ. ಅನಿಲ ತೆಳುವಾದರೆ ಕೂಡುವುದು ನಿಧಾನ, ಹಾಗಾಗಿ ಗುಳ್ಳೆ ನೂರು ಪಟ್ಟು ದೊಡ್ಡದು. ಗ್ಯಾಲಕ್ಸಿಗಳ ಆಚೆ ಏನಾಗುತ್ತೆ ಅನ್ನುವುದಕ್ಕೆ ಬೀಗದ ಕೈ ಇದೇ.

ಹಳೇ ರೇಡಿಯೋ

ನಾನು ನಿವೃತ್ತ, ರೇಡಿಯೋ ಟ್ರಾನ್ಸ್‌ಮಿಟರುಗಳ ಜೊತೆ ಮೂವತ್ತೈದು ವರ್ಷ ಕೆಲಸ ಮಾಡಿದವನು. ಬಾನುಲಿಯವರು ಹೇಳಿದ "ತೆಳುವಾದರೆ ಕೂಡುವುದು ನಿಧಾನ" ಅನ್ನುವುದನ್ನು ನಾವು ದಿನಾ ಕಿವಿಯಿಂದ ಕೇಳುತ್ತಿದ್ದೆವು.

ಸೂರ್ಯನಿಂದಲೂ ಸ್ವಲ್ಪ ತೀಕ್ಷ್ಣ ನೇರಳಾತೀತ ಬೆಳಕು, ಎಕ್ಸ್-ಕಿರಣ ಬರುತ್ತೆ. ಮೇಲ್ಮೈಯಿಂದಲ್ಲ, ಅದರ ಮೇಲಿನ ಬಿಸಿ ಪದರಗಳಿಂದ. ಅಷ್ಟು ಸಾಕು, ನಮ್ಮ ವಾತಾವರಣದ ಮೇಲ್ಭಾಗದ ಅನಿಲ ಒಡೆದು ಅಯಾನುಗೋಳ ಆಗುತ್ತೆ. ಅಲ್ಲಿ ಒಡೆಯುವುದು ಹೈಡ್ರೋಜನ್ ಅಲ್ಲ, ಬೇರೆ ಅನಿಲಗಳು. ಆದರೆ ಕಥೆ ಒಂದೇ. ಕೆಳಗಿನ ಪದರ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ದಟ್ಟ, ಎಲೆಕ್ಟ್ರಾನಿಗೆ ಜೊತೆಗಾರ ಬೇಗ ಸಿಗುತ್ತೆ. ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೇ ಆ ಪದರ ಮಾಯ. ಇನ್ನೂರು, ಮುನ್ನೂರು ಕಿಲೋಮೀಟರ್ ಮೇಲಿನದು ತೆಳು. ಅದು ರಾತ್ರಿಯೆಲ್ಲಾ ಉಳಿಯುತ್ತೆ. ಹಗಲು ಮೀಡಿಯಂ ವೇವ್ ಅಲೆಗಳನ್ನು ಹೀರುತ್ತಿದ್ದ ಕೆಳಗಿನ ಪದರ ಹೋದ ಕೂಡಲೇ ಅಲೆಗಳು ಮೇಲಿನದಕ್ಕೆ ತಾಗಿ ವಾಪಸ್ ಬರುತ್ತವೆ. ಹಗಲು ಕೇಳಿಸದ ಊರಿನಲ್ಲಿ ರಾತ್ರಿ ಧಾರವಾಡ ಆಕಾಶವಾಣಿ ಕೇಳಿಸುತ್ತಿದ್ದದ್ದು ಹೀಗೆ.

ಮೇಷ್ಟ್ರೇ, ಮಕ್ಕಳಿಗೆ ಇದನ್ನು ಹೇಳಿ. ಅವರ ತಾತಂದಿರಿಗೆ ಚೆನ್ನಾಗಿ ಗೊತ್ತಿರುತ್ತೆ.

ಹೊಸಪೇಟೆ ಎಂಜಿನಿಯರ್

ನನ್ನದೊಂದು ಗಟ್ಟಿ ಸಂಶಯ. ಮಹಾಸ್ಫೋಟ ಆದ 3.8 ಲಕ್ಷ ವರ್ಷದವರೆಗೆ ಎಲ್ಲಾ ಹೈಡ್ರೋಜನ್ ಒಡೆದೇ ಇತ್ತು, ಬಿಡಿ ಎಲೆಕ್ಟ್ರಾನ್‌ಗಳು ಬೆಳಕನ್ನು ಚದುರಿಸುತ್ತಿದ್ದವು, ಅದಕ್ಕೇ ವಿಶ್ವ ಅಪಾರದರ್ಶಕ ಅಂತ ಓದಿದ್ದೇನೆ. ಆಮೇಲೆ ತಣ್ಣಗಾಗಿ ಪರಮಾಣುಗಳಾದವು, ಬೆಳಕು ಬಿಡುಗಡೆ ಆಯಿತು. ಈಗ ನಕ್ಷತ್ರಗಳು ಬಂದು ಮತ್ತೆ ಒಡೆದವು ಅಂದರೆ ವಿಶ್ವ ಮತ್ತೆ ಅಪಾರದರ್ಶಕ ಆಗಬೇಕಿತ್ತಲ್ಲ? ನೀವು ಉಲ್ಟಾ ಹೇಳುತ್ತಿದ್ದೀರಿ.

ಬಾನುಲಿ

ತುಂಬಾ ಒಳ್ಳೆಯ ಪ್ರಶ್ನೆ ಸರ್. ಇಲ್ಲಿಯೂ ಉತ್ತರ ತೆಳುವಾಗುವುದರಲ್ಲೇ ಇದೆ.

ಆ 3.8 ಲಕ್ಷ ವರ್ಷದ ಹೊತ್ತಿನಿಂದ ಸುಮಾರು 90 ಕೋಟಿ ವರ್ಷದ ಹೊತ್ತಿಗೆ ವಿಶ್ವ ಉದ್ದ, ಅಗಲ, ಎತ್ತರ ಮೂರರಲ್ಲೂ 150 ಪಟ್ಟಿಗಿಂತ ಜಾಸ್ತಿ ಹಿಗ್ಗಿತ್ತು. ಮೂರನ್ನೂ ಗುಣಿಸಿದರೆ ಅನಿಲ ಸುಮಾರು 40 ಲಕ್ಷ ಪಟ್ಟು ತೆಳುವಾಗಿತ್ತು. ಎಲೆಕ್ಟ್ರಾನ್‌ಗಳು ಬಿಡಿಯಾಗಿದ್ದರೂ ಒಂದಕ್ಕೊಂದು ಎಷ್ಟು ದೂರ ಅಂದರೆ ಬೆಳಕು ಅವುಗಳ ನಡುವೆ ಸಲೀಸಾಗಿ ದಾಟುತ್ತೆ.

ಆದರೆ ಪೂರ್ತಿ ಸಲೀಸಲ್ಲ, ಅದೇ ಸೊಗಸು. ಯುರೋಪಿನ ಪ್ಲಾಂಕ್ ಉಪಗ್ರಹ ಆದಿಯ ಬೆಳಕನ್ನು ಅಳೆದಾಗ, ಅದರ ನೂರರಲ್ಲಿ ಸುಮಾರು ಐದು ಪಾಲು ದಾರಿಯಲ್ಲಿ ಬಿಡಿ ಎಲೆಕ್ಟ್ರಾನ್‌ಗೆ ಡಿಕ್ಕಿ ಹೊಡೆದು ಬಂದಿರುವುದು ಗೊತ್ತಾಯಿತು. ಒಡೆಯುವ ಕೆಲಸ ಯಾವಾಗ ನಡೆಯಿತು ಅಂತ ನಮಗೆ ಸಿಕ್ಕಿರುವ ದೊಡ್ಡ ಸುಳಿವುಗಳಲ್ಲಿ ಅದೂ ಒಂದು.

ಹೊಸಪೇಟೆ ಎಂಜಿನಿಯರ್

ಈಗ ಸರಿಯಾಯಿತು. ಎಷ್ಟೋ ವರ್ಷದಿಂದ ತಲೆಯಲ್ಲಿ ಕೊರೆಯುತ್ತಿತ್ತು.

ಅಕ್ಷರ ಮೈಸೂರು

ನಾನು ಮಕ್ಕಳಿಗೆ ವಿಜ್ಞಾನ ಬರೆಯುವವಳು. "ಮಂಜು ಕರಗಿತು" ಅಂತ ನಾನೂ ಬರೆದಿದ್ದೇನೆ. ಬಾನುಲಿಯವರು ಹೇಳುವುದೆಲ್ಲ ನಿಜ, ಆದರೂ ಹೋಲಿಕೆ ಬಿಡಬೇಕು ಅಂತ ನನಗೆ ಅನ್ನಿಸುವುದಿಲ್ಲ. ಮಕ್ಕಳಿಗೆ ಕಣ್ಣ ಮುಂದೆ ಒಂದು ಚಿತ್ರ ಬೇಕು. ಮಡಿಕೇರಿಯ ಮಂಜು ಕಂಡ ಮಗುವಿಗೆ ಅದು ಥಟ್ಟನೆ ಹಿಡಿಯುತ್ತೆ. ಸಂಖ್ಯೆ, ಅಲೆಯುದ್ದ ಎಲ್ಲ ಆಮೇಲೆ ಕಲಿಯಲಿ.

ಬಾನುಲಿ

ಅಕ್ಷರ ಮೇಡಂ, ಚಿತ್ರ ಬೇಕು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ತಕರಾರು ಎರಡು ಜಾಗದಲ್ಲಿ. ಒಂದು, ಮಂಜು ಎಲ್ಲ ಬಣ್ಣವನ್ನೂ ತಡೆಯುತ್ತೆ, ಇದು ತಡೆಯುವುದಿಲ್ಲ. ಆ ಹುಡುಗಿ ಎಡವಿದ್ದು ಅಲ್ಲೇ. ಎರಡು, ಮಂಜು ಬಿಸಿಲೇರಿದ ಹಾಗೆ ಎಲ್ಲ ಕಡೆ ಒಟ್ಟಿಗೆ ತೆಳುವಾಗುತ್ತಾ ಹೋಗುತ್ತೆ. ಹೈಡ್ರೋಜನ್ ಹಾಗೆ ಹೋಗಲಿಲ್ಲ.

ನಾನು ಹುಳು ತಿಂದ ಎಲೆಯ ಚಿತ್ರ ಕೊಡುತ್ತೇನೆ. ಎಲೆಯ ಮೇಲೆ ಅಲ್ಲಲ್ಲಿ ಹುಳುಗಳು. ಒಂದೊಂದರ ಸುತ್ತ ಒಂದೊಂದು ತೂತು. ಹುಳುಗಳು ಗುಂಪಾಗಿರುವ ಕಡೆ ತೂತು ದೊಡ್ಡದು. ದಿನ ಕಳೆದಂತೆ ತೂತುಗಳು ಬೆಳೆದು ಒಂದಕ್ಕೊಂದು ಸೇರುತ್ತವೆ. ಕೊನೆಗೆ ನರಗಳ ಹತ್ತಿರ ಒಂದಿಷ್ಟು ಹಸಿರು ಉಳಿದು, ಅದೂ ಹೋಗುತ್ತೆ. ಹುಳು ಅಂದರೆ ಗ್ಯಾಲಕ್ಸಿ, ತೂತು ಅಂದರೆ ಅದರ ಬೆಳಕು ಒಡೆದ ಜಾಗ. ತೂತಿನ ಗಡಿ ಎಲೆಯಲ್ಲಿ ಎಷ್ಟು ಸ್ಪಷ್ಟವೋ ಅಲ್ಲಿಯೂ ಅಷ್ಟೇ ಸ್ಪಷ್ಟ.

ಅಕ್ಷರ ಮೈಸೂರು

ಎಲೆ ಚೆನ್ನಾಗಿದೆ. ಬೇಲಿ ಮೇಲೆ ಮಕ್ಕಳೇ ಹುಡುಕಿ ತರಬಹುದು. ಮುಂದಿನ ಸಲ ಬರೆಯುವಾಗ ಮಂಜಿನ ಬದಲು ಇದನ್ನೇ ಹಾಕುತ್ತೇನೆ. ಆದರೆ ಈ ತೂತುಗಳನ್ನು ಯಾರಾದರೂ ನೋಡಿದ್ದಾರಾ, ಅಥವಾ ಬರೀ ಕಂಪ್ಯೂಟರ್ ಲೆಕ್ಕವಾ?

ಬಾನುಲಿ

ನೋಡಿದ್ದಾರೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದ ಭಾಗ.

1965ರಲ್ಲಿ ಜೇಮ್ಸ್ ಗನ್ ಮತ್ತು ಬ್ರೂಸ್ ಪೀಟರ್ಸನ್ ಒಂದು ಉಪಾಯ ಹೇಳಿದರು. ತುಂಬಾ ದೂರದ ಕ್ವೇಸಾರ್ (ಕಪ್ಪುಕುಳಿಯಿಂದಾಗಿ ವಿಪರೀತ ಬೆಳಗುವ ಗ್ಯಾಲಕ್ಸಿಯ ನಡುಭಾಗ) ಒಂದನ್ನು ದೀಪದ ಹಾಗೆ ಬಳಸಿಕೊಳ್ಳಿ. ಅದರ ಬೆಳಕು ನಮ್ಮ ಕಡೆ ಬರುವಾಗ ವಿಶ್ವ ಹಿಗ್ಗುತ್ತಾ ಇರುವುದರಿಂದ ಅಲೆಗಳು ಉದ್ದವಾಗುತ್ತಾ ಬರುತ್ತವೆ. ದಾರಿಯ ಒಂದೊಂದು ಜಾಗದಲ್ಲಿ ಒಂದೊಂದು ಬಣ್ಣ ಸರಿಯಾಗಿ 121.6 ನ್ಯಾನೋಮೀಟರಿಗೆ ಬಂದು ನಿಲ್ಲುತ್ತೆ. ಅಲ್ಲಿ ತಟಸ್ಥ ಹೈಡ್ರೋಜನ್ ಇದ್ದರೆ ಆ ಬಣ್ಣ ಅಲ್ಲೇ ಸಾಯುತ್ತೆ. ಹಾಗಾಗಿ ಆ ಕ್ವೇಸಾರಿನ ಬೆಳಕನ್ನು ಬಿಡಿಸಿ ನೋಡಿದರೆ ದಾರಿಯುದ್ದಕ್ಕೂ ಎಲ್ಲೆಲ್ಲಿ ಹೈಡ್ರೋಜನ್ ಇತ್ತು ಅಂತ ಓದಬಹುದು. 2001ರಲ್ಲಿ ಅಂಥ ಪೂರ್ತಿ ಕಪ್ಪು ಪಟ್ಟಿ ಮೊದಲ ಸಲ ಸಿಕ್ಕಿತು. ಒಂದು ಎಚ್ಚರ ಮಾತ್ರ ಬೇಕು. ಹತ್ತು ಸಾವಿರದಲ್ಲಿ ಒಂದು ಪರಮಾಣು ತಟಸ್ಥವಾಗಿ ಉಳಿದರೂ ಸಾಕು, ಪಟ್ಟಿ ಕಪ್ಪಾಗುತ್ತೆ. ಅಂದರೆ ಕಪ್ಪು ಕಂಡ ಮಾತ್ರಕ್ಕೆ ಅಲ್ಲಿ ಎಲ್ಲವೂ ತಟಸ್ಥ ಅಂತ ಹೇಳಲಾಗದು. ಆದರೆ ಬೆಳಕು ದಾಟಿತ್ತು ಅಂದರೆ ಅಲ್ಲಿ ಒಡೆದಿದ್ದು ಗ್ಯಾರಂಟಿ.

2023ರಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್ ಬಳಸಿ ಸೈಮನ್ ಲಿಲ್ಲಿ ಅವರ ತಂಡ ಇಂಥದೇ ಒಂದು ಕ್ವೇಸಾರ್ ಕಡೆ ನೋಡಿತು. ಕ್ವೇಸಾರಿನ ಬೆಳಕಿನಿಂದ ದಾರಿಯಲ್ಲಿ ಎಲ್ಲಿ ಪಾರದರ್ಶಕ, ಎಲ್ಲಿ ಇಲ್ಲ ಅಂತ ಗುರುತಿಸಿದರು. ಅದೇ ದಾರಿಯ ಅಕ್ಕಪಕ್ಕ ಗ್ಯಾಲಕ್ಸಿಗಳು ಎಲ್ಲೆಲ್ಲಿವೆ ಅಂತ ವೆಬ್ ತೋರಿಸಿತು, ನೂರಕ್ಕೂ ಹೆಚ್ಚು ಸಿಕ್ಕವು. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ, ಮಹಾಸ್ಫೋಟದ 90 ಕೋಟಿ ವರ್ಷದ ಆಸುಪಾಸಿನಲ್ಲಿ ಗ್ಯಾಲಕ್ಸಿಗಳ ಸುತ್ತ ಸುಮಾರು 20 ಲಕ್ಷ ಬೆಳಕಿನ ವರ್ಷ ತ್ರಿಜ್ಯದ ಜಾಗ ತಿಳಿಯಾಗಿತ್ತು. ನಮ್ಮ ಆಕಾಶಗಂಗೆಯಿಂದ ಆಂಡ್ರೊಮಿಡಾ ಗ್ಯಾಲಕ್ಸಿ ಇರುವಷ್ಟು ದೂರ, ಹತ್ತಿರಹತ್ತಿರ. ಹುಳು ಇದ್ದಲ್ಲಿ ತೂತು!

ಇನ್ನೊಂದು ಆಶ್ಚರ್ಯ 2025ರ ಮಾರ್ಚಿನಲ್ಲಿ ಬಂತು. ಮಹಾಸ್ಫೋಟದ 33 ಕೋಟಿ ವರ್ಷಕ್ಕೇ ಇದ್ದ ಒಂದು ಗ್ಯಾಲಕ್ಸಿಯಿಂದ ಲೈಮನ್ ಆಲ್ಫಾ ಬೆಳಕು ನಮಗೆ ತಲುಪಿದೆ. ಆಗ ಎಲೆಯ ತುಂಬಾ ಹಸಿರೇ ಇತ್ತು. ಆ ಬೆಳಕು ದಾಟಿ ಬಂತು ಅಂದರೆ, ಅದು ಅಷ್ಟು ಬೇಗ ತನ್ನ ಸುತ್ತ ಒಂದು ಗುಳ್ಳೆ ಮಾಡಿಕೊಂಡಿತ್ತು ಅನ್ನುವುದೇ ಸಹಜವಾದ ವಿವರಣೆ.

ಸಿರಿ ಪಿಯುಸಿ

ಆದರೆ ಗ್ಯಾಲಕ್ಸಿಯ ಒಳಗೇ ಬೇಕಾದಷ್ಟು ಹೈಡ್ರೋಜನ್ ಇದೆಯಲ್ಲ. ನೀವೇ ಹೇಳಿದ ಹಾಗೆ ದಟ್ಟ ಇದ್ದರೆ ಗುಳ್ಳೆ ಚಿಕ್ಕದು. ಮತ್ತೆ ಬೆಳಕು ಗ್ಯಾಲಕ್ಸಿ ದಾಟಿ ಹೊರಗೆ ಹೇಗೆ ಹೋಯಿತು?

ಬಾನುಲಿ

ಸಿರಿ, ನೀನು ಕೇಳಿದ್ದು ಈ ಕ್ಷೇತ್ರದ ನಟ್ಟನಡುವಿನ ಪ್ರಶ್ನೆ. ಹುಟ್ಟಿದ ನೇರಳಾತೀತ ಫೋಟಾನ್‌ಗಳಲ್ಲಿ ಬಹುಪಾಲು ಒಳಗೇ ಖರ್ಚಾಗುತ್ತವೆ. ಹೈಡ್ರೋಜನ್ ತಿನ್ನುತ್ತೆ, ಉಳಿದದ್ದನ್ನು ಧೂಳು ತಿನ್ನುತ್ತೆ. ಹೊರಗೆ ಹೋಗಬೇಕಾದರೆ ಕಿಂಡಿ ಬೇಕು. ದೈತ್ಯ ನಕ್ಷತ್ರಗಳು ಸೂಪರ್‌ನೋವಾ ಆಗಿ ಸಿಡಿದಾಗ ಸುತ್ತಲಿನ ಅನಿಲ ತಳ್ಳಿಕೊಂಡು ಹೋಗಿ ಅಂಥ ಕಿಂಡಿಗಳಾಗುತ್ತವೆ. ಸಣ್ಣ ಗ್ಯಾಲಕ್ಸಿಗಳಲ್ಲಿ ಸೆಳೆತ ಕಡಿಮೆ, ಕಿಂಡಿ ಸುಲಭ. ಸಣ್ಣವು ಎಣಿಕೆಯಲ್ಲೂ ಜಾಸ್ತಿ. ಹಾಗಾಗಿ ಎಲೆ ತಿಂದದ್ದು ಮುಖ್ಯವಾಗಿ ಸಣ್ಣ ಗ್ಯಾಲಕ್ಸಿಗಳೇ ಅಂತ ತುಂಬಾ ಜನ ಹೇಳುತ್ತಾರೆ. ಇಲ್ಲ, ಕೆಲವೇ ದೊಡ್ಡವು ಅನ್ನುವವರೂ ಇದ್ದಾರೆ. ವಾದ ಇನ್ನೂ ನಡೆಯುತ್ತಿದೆ. ನನ್ನ ಮನಸ್ಸು ಸಣ್ಣವುಗಳ ಕಡೆ.

ಸೋರುವ ಬೆಳಕನ್ನು ನೇರವಾಗಿ ಹಿಡಿಯುವುದು ಕಷ್ಟ. ಇದರಲ್ಲಿ ನಮ್ಮ ಆಸ್ಟ್ರೋಸ್ಯಾಟ್ ಮಾಡಿದ ಕೆಲಸ ಹೇಳಲೇಬೇಕು. 2015ರಲ್ಲಿ ಇಸ್ರೋ ಹಾರಿಸಿದ ಉಪಗ್ರಹ ಅದು. ಅದರ ನೇರಳಾತೀತ ಟೆಲಿಸ್ಕೋಪ್ ಕಟ್ಟಿದ್ದರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೊಡ್ಡ ಪಾಲಿದೆ. 2016ರ ಅಕ್ಟೋಬರಿನಲ್ಲಿ 28 ಗಂಟೆಗೂ ಹೆಚ್ಚು ಹೊತ್ತು ಒಂದೇ ಕಡೆ ನೋಡಿ, 930 ಕೋಟಿ ಬೆಳಕಿನ ವರ್ಷ ದೂರದ ಒಂದು ಪುಟ್ಟ ಗ್ಯಾಲಕ್ಸಿಯಿಂದ ಸೋರುತ್ತಿದ್ದ ಬೆಳಕನ್ನು ಹಿಡಿಯಿತು. ಹೊರಟಾಗ ಅದರ ಅಲೆಯುದ್ದ ಸುಮಾರು 60 ನ್ಯಾನೋಮೀಟರ್, ಅಂದರೆ ಹೈಡ್ರೋಜನನ್ನು ಖಂಡಿತ ಒಡೆಯುವಂಥದ್ದು. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಕನಕ್ ಸಹಾ ಅವರ ತಂಡ 2020ರಲ್ಲಿ ಇದನ್ನು ಪ್ರಕಟಿಸಿತು. ಟೆಲಿಸ್ಕೋಪಿನ ಕನ್ನಡಿ ಬರೀ ಮೂವತ್ತೆಂಟು ಸೆಂಟಿಮೀಟರ್. ನಮ್ಮ ಮನೆಯ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು.

ಹಳೇ ರೇಡಿಯೋ

ಬೆಳಕಿನ ಕಡೆಯದೇ ಮಾತಾಯಿತು, ರೇಡಿಯೋ ಕಡೆಗೂ ಬನ್ನಿ. ಶರಾವತಿ ಹಿನ್ನೀರಿನ ಮೇಲೆ ಆಂಟೆನಾ ತೇಲಿಬಿಟ್ಟ ಪ್ರಯೋಗ ಇದೇ ವಿಷಯದ್ದಲ್ಲವಾ?

ಬಾನುಲಿ

ಹೌದು ಸರ್, ಸರಸ್ ಅಂತ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದ್ದು.

ಇಲ್ಲಿ ಬೆಳಕಿನ ಇನ್ನೊಂದು ಕೆಲಸ ಬರುತ್ತೆ. ಒಡೆಯುವುದಕ್ಕಿಂತ ಎಷ್ಟೋ ಮೊದಲೇ ನಡೆಯುವಂಥದ್ದು, ತುಂಬಾ ಮೆದು. ತಟಸ್ಥ ಹೈಡ್ರೋಜನ್ 21 ಸೆಂಟಿಮೀಟರಿನ ರೇಡಿಯೋ ಅಲೆ ಬಿಡುತ್ತೆ, 1420 ಮೆಗಾಹರ್ಟ್ಜ್. ಎಲೆಕ್ಟ್ರಾನಿನ ಸ್ಪಿನ್ (ಬುಗುರಿಯ ಸುತ್ತಿಗೆ ಹೋಲಿಸಬಹುದಾದ ಅದರ ಗುಣ) ತಿರುಗಿಕೊಂಡಾಗ ಬರುವ ಅಲೆ ಇದು. ಒಂದು ಪರಮಾಣುವನ್ನು ಅದರ ಪಾಡಿಗೆ ಬಿಟ್ಟರೆ ಹಾಗೆ ತಿರುಗುವುದಕ್ಕೆ ಸರಾಸರಿ 1.1 ಕೋಟಿ ವರ್ಷ ಬೇಕು. ಪರಮಾಣುಗಳ ಎಣಿಕೆ ವಿಪರೀತ ಇರುವುದರಿಂದ ನಮಗೆ ಕೇಳಿಸುತ್ತೆ, ಅಷ್ಟೇ.

ನಕ್ಷತ್ರ ಹುಟ್ಟುವ ಸ್ವಲ್ಪ ಮೊದಲು ಈ ಅಲೆ ಹಿನ್ನೆಲೆಯಲ್ಲಿ, ಅಂದರೆ ಎಲ್ಲೆಡೆ ತುಂಬಿದ್ದ ಆ ಆದಿಯ ಬೆಳಕಿನಲ್ಲಿ ಬೆರೆತುಹೋಗಿತ್ತು, ಬೇರೆಯಾಗಿ ಕೇಳಿಸುವಂತಿರಲಿಲ್ಲ. ಮೊದಲ ನಕ್ಷತ್ರಗಳ ಲೈಮನ್ ಆಲ್ಫಾ ಬೆಳಕು ಬಿದ್ದ ಕೂಡಲೇ ಸ್ಪಿನ್‌ಗಳು ಅನಿಲದ ನಿಜವಾದ ತಾಪಕ್ಕೆ ಹೊಂದಿಕೊಂಡವು. ಅನಿಲ ಹಿನ್ನೆಲೆಗಿಂತ ತಣ್ಣಗಿತ್ತು. ಹಾಗಾಗಿ ಅದು ಹಿನ್ನೆಲೆಯ ರೇಡಿಯೋ ಅಲೆಗಳನ್ನು ಹೀರತೊಡಗಿತು. ಅಂದರೆ ನಕ್ಷತ್ರಗಳು ಹುಟ್ಟಿದ ಸುದ್ದಿಯನ್ನು ಹೈಡ್ರೋಜನ್ ಒಂದು ತಗ್ಗಿನ ರೂಪದಲ್ಲಿ ಬರೆದಿಟ್ಟಿತು. ಮುಂದೆ ಎಕ್ಸ್-ಕಿರಣಗಳು ಅನಿಲವನ್ನು ಬಿಸಿಮಾಡಿದಾಗ ತಗ್ಗು ಮುಚ್ಚುತ್ತೆ. ಕೊನೆಗೆ ಒಡೆದಾಗ ಅಲೆಯೇ ಇಲ್ಲ.

ವಿಶ್ವ ಹಿಗ್ಗಿ ಹಿಗ್ಗಿ ಆ 21 ಸೆಂಟಿಮೀಟರ್ ಅಲೆ ಈಗ ಹಲವು ಮೀಟರ್ ಉದ್ದ ಆಗಿದೆ. ಎಫ್‌ಎಂ ಬ್ಯಾಂಡಿನ ಆಸುಪಾಸು! ಪೇಟೆಯಲ್ಲಿ ಕೇಳಿಸಿಕೊಳ್ಳುವ ಮಾತೇ ಇಲ್ಲ. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ ಎಡ್ಜಸ್ ತಂಡ 78 ಮೆಗಾಹರ್ಟ್ಜ್ ಹತ್ತಿರ ಅರ್ಧ ಕೆಲ್ವಿನ್ ತಗ್ಗು ಸಿಕ್ಕಿದೆ ಅಂತ ಹೇಳಿತು. ನಿರೀಕ್ಷೆಗಿಂತ ಎರಡು ಪಟ್ಟು ಆಳ. ಲೋಕವೇ ಎದ್ದು ಕೂತಿತು.

ಸರಸ್ ತಂಡ 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನಲ್ಲಿ ತೆಪ್ಪದ ಮೇಲೆ ಆಂಟೆನಾ ಇಟ್ಟು ಅಳೆಯಿತು. ನೀರಿನ ಮೇಲೆ ಯಾಕೆ ಅಂದರೆ, ನೆಲದಡಿಯ ಮಣ್ಣು, ಬಂಡೆ, ತೇವ ಒಂದೊಂದು ಕಡೆ ಒಂದೊಂದು ಥರ. ಅಲ್ಲಿಂದ ವಾಪಸಾಗುವ ಅಲೆಗಳು ಅಳತೆ ಕೆಡಿಸುತ್ತವೆ. ನೀರು ಎಲ್ಲ ಕಡೆ ಒಂದೇ ಸಮ. 2022ರ ಫೆಬ್ರವರಿಯಲ್ಲಿ ಫಲಿತಾಂಶ ಬಂತು. ಆಸ್ಟ್ರೇಲಿಯಾದವರು ಹೇಳಿದ ಆಕಾರದ ತಗ್ಗು ಇಲ್ಲಿಲ್ಲ, 95.3 ಶೇಕಡಾ ವಿಶ್ವಾಸದಿಂದ ತಳ್ಳಿಹಾಕಬಹುದು ಅಂತ. ನಿಜವಾದ ತಗ್ಗಿನ ಹುಡುಕಾಟ ಮುಂದುವರಿದಿದೆ.

ಹಳೇ ರೇಡಿಯೋ

ತೆಪ್ಪದ ಮೇಲೆ ಆಂಟೆನಾ. ನೀರು ಇಷ್ಟು ಒಳ್ಳೆಯ ನೆಲ ಅಂತ ನಮಗೆ ಆಗಲೇ ಗೊತ್ತಿತ್ತು, ಟ್ರಾನ್ಸ್‌ಮಿಟರ್ ಜಾಗ ಆರಿಸುವಾಗ ತೇವದ ನೆಲವನ್ನೇ ಹುಡುಕುತ್ತಿದ್ದೆವು. ಆದರೆ ಅದು ಇಂಥ ಕೆಲಸಕ್ಕೆ ಬರುತ್ತೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ತುಂಬಾ ಸಂತೋಷ ಆಯಿತು.

ಅಕ್ಷರ ಮೈಸೂರು

ಒಂದು ಕೊನೆಯ ಪ್ರಶ್ನೆ. ಅನಿಲ ಸೇರಿ ನಕ್ಷತ್ರ ಆಗುತ್ತೆ. ಆ ನಕ್ಷತ್ರದ ಬೆಳಕೇ ಅನಿಲ ಒಡೆದರೆ ಮುಂದಿನ ನಕ್ಷತ್ರಗಳ ಗತಿ?

ಬಾನುಲಿ

ಸಣ್ಣವುಗಳಿಗೆ ನಿಜಕ್ಕೂ ಪೆಟ್ಟು ಬಿತ್ತು ಮೇಡಂ. ಒಡೆದ ಅನಿಲ ಸುಮಾರು 10,000 ಕೆಲ್ವಿನ್ ಬಿಸಿಯಾಗುತ್ತೆ. ಬಿಸಿ ಅನಿಲವನ್ನು ದೊಡ್ಡ ಗ್ಯಾಲಕ್ಸಿ ಹಿಡಿದಿಟ್ಟುಕೊಳ್ಳಬಲ್ಲದು, ಪುಟ್ಟದ್ದಕ್ಕೆ ಆಗುವುದಿಲ್ಲ. ನಮ್ಮ ಆಕಾಶಗಂಗೆಯ ಸುತ್ತ ಹರ್ಕ್ಯುಲಿಸ್, ಲಿಯೋ 4 ಅಂತ ಬಹಳ ಮಂಕಾದ ಕುಬ್ಜ ಗ್ಯಾಲಕ್ಸಿಗಳಿವೆ. ಹಬಲ್ ನೋಡಿದಾಗ ಅಲ್ಲಿನ ನಕ್ಷತ್ರಗಳು ಹೆಚ್ಚುಕಮ್ಮಿ ಎಲ್ಲವೂ ಮುದುಕರೇ. ವಿಶ್ವದ ಮೊದಲ ನೂರು, ಇನ್ನೂರು ಕೋಟಿ ವರ್ಷದಲ್ಲಿ ಹುಟ್ಟಿದವು, ಆಮೇಲೆ ಹುಟ್ಟೇ ನಿಂತಿತು. ಸುತ್ತಲಿನ ಬೆಳಕಿಗೆ ಅನಿಲ ಕಳೆದುಕೊಂಡ ಮನೆಗಳು ಅವು. ಅವುಗಳ ಚಿತ್ರ ನೋಡಿದಾಗಲೆಲ್ಲ ನನಗೆ ಊರು ಬಿಟ್ಟುಹೋದ ಮೇಲೆ ಉಳಿದ ಹಳೇ ಮನೆಗಳ ನೆನಪಾಗುತ್ತೆ.

ತಿಪಟೂರು ಮೇಷ್ಟ್ರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಸೋಮವಾರ ಕ್ಲಾಸ್ ಆಯಿತು. ಶಾಲೆಯ ಹಿತ್ತಲಿನಿಂದ ಹುಳು ತಿಂದ ಎಕ್ಕದ ಎಲೆ ತಂದು ಕಿಟಕಿ ಬೆಳಕಿಗೆ ಹಿಡಿದೆ. ಬೋರ್ಡಿನ ಮೇಲೆ ಮೆಟ್ಟಿಲು ಬರೆದೆ. "ಚಿಲ್ಲರೆ ತಗೊಳ್ಳಲ್ಲ" ಅಂದಾಗ ಇಡೀ ಕ್ಲಾಸಿಗೆ ಅರ್ಥವಾಯಿತು. ರೇಡಿಯೋ ವಿಷಯ ಹೇಳಿದಾಗ ಒಬ್ಬ ಹುಡುಗ ತಾತನ ಹಳೇ ಸೆಟ್ ತರುತ್ತೇನೆ ಅಂದ.

ಆ ಹುಡುಗಿ ಮತ್ತೆ ಎದ್ದಳು. "ಸರ್, ಈಗ ಗ್ಯಾಲಕ್ಸಿಗಳು ಎಲ್ಲಾ ಆರಿಹೋದ್ರೆ, ಎಲೆಕ್ಟ್ರಾನು ಪ್ರೋಟಾನು ಮತ್ತೆ ಸೇರ್ಕೊಂಡು ಎಲೆ ಮೊದಲಿನ ಹಾಗೆ ಆಗುತ್ತಾ?" ಇದಕ್ಕೂ ಸೋಮವಾರ ಅಂದಿದ್ದೇನೆ.

ಇನ್ನೊಂದು, ಮಕ್ಕಳಿಗೆ ಒರಾಯನ್ ತೋರಿಸಬೇಕು. ಯಾವಾಗ ಅನುಕೂಲ?

ಬಾನುಲಿ

ಲೆಕ್ಕ ಹಾಕಿದೆ ಮೇಷ್ಟ್ರೇ. ಈಗ ಗ್ಯಾಲಕ್ಸಿಗಳ ನಡುವೆ ಸರಾಸರಿ ಐದು ಘನ ಮೀಟರಿಗೆ ಒಂದು ಹೈಡ್ರೋಜನ್. ಅಷ್ಟು ತೆಳುವಿನಲ್ಲಿ ಒಂದು ಎಲೆಕ್ಟ್ರಾನಿಗೆ ಜೊತೆ ಸಿಗಲು ಸುಮಾರು 60,000 ಕೋಟಿ ವರ್ಷ ಬೇಕು. ವಿಶ್ವದ ವಯಸ್ಸು 1,380 ಕೋಟಿ. ವಿಶ್ವ ಇನ್ನೂ ಹಿಗ್ಗುತ್ತಲೇ ಇರುವುದರಿಂದ ಅದು ಇನ್ನೂ ತೆಳುವಾಗುತ್ತೆ. ಅವಳಿಗೆ ಹೇಳಿ, ಆ ಬಯಲಿನಲ್ಲಿ ಬಹುಪಾಲು ಸೇರುವುದೇ ಇಲ್ಲ.

ತಾರಸಿ ದುರ್ಬೀನು

ಜನವರಿ ನಡುವಿನಲ್ಲಿ, ಚಂದ್ರ ಇಲ್ಲದ ರಾತ್ರಿ ಆರಿಸಿಕೊಳ್ಳಿ. ಎಂಟು ಗಂಟೆಗೆ ಪೂರ್ವ, ಆಗ್ನೇಯದ ನಡುವೆ ಚೆನ್ನಾಗಿ ಮೇಲೆ ಬಂದಿರುತ್ತೆ. ಶಾಲೆ ಮೈದಾನದ ದೀಪ ಆರಿಸಿಬಿಡಿ. ಕಾಲು ಗಂಟೆ ಯಾರೂ ಮೊಬೈಲ್ ತೆಗೆಯಬಾರದು, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ನನ್ನ ಹತ್ತಿರ ಎರಡು ಬೈನಾಕ್ಯುಲರ್, ಒಂದು ಆರಿಂಚಿನ ಟೆಲಿಸ್ಕೋಪ್ ಇದೆ. ದಿನ ಹೇಳಿ, ಬಸ್ಸಿಗೆ ಹಾಕಿಕೊಂಡು ನಾನೇ ಬರುತ್ತೇನೆ.